‘ಅಂಗವಿಕಲ’ ಎಂದರೆ ಜೈಲು ಶಿಕ್ಷೆಯೇ? ಪದಗಳ ಅಸಲಿ ಅರ್ಥವೇನು?

‘ಯಾರನ್ನೂ ಅಂಗವಿಕಲ ಎನ್ನಬೇಡಿ, ವಿಕಲಚೇತನ ಎನ್ನಿ. ಇಲ್ಲದಿದ್ದರೆ ಐದು ವರ್ಷ ಜೈಲು!’ ಲಕ್ಷ್ಮೇಶ್ವರದ ಸಂಬಂಧಿಕರೊಬ್ಬರು ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಇಂಥದ್ದೊಂದು ಸಂದೇಶ ಕಳಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಅರ್ಧ ಮಾತ್ರ ಸತ್ಯವಿದೆ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ-2016ರ 92ನೇ ಸೆಕ್ಷನ್ ಪ್ರಕಾರ, ಅಂಗವೈಕಲ್ಯ ಇರುವವರನ್ನು ನಾಲ್ಕು ಜನರ ಎದುರು ಅವಮಾನಿಸಬೇಕೆಂದೇ ನಿಂದಿಸಿದರೆ ಅಥವಾ ಬೆದರಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಆದರೆ ಇಂಥ ಪದ ಬಳಸಬಾರದು ಎಂಬ ಪಟ್ಟಿ ಅಲ್ಲಿಲ್ಲ. ಅಲ್ಲಿ ಮುಖ್ಯವಾಗುವುದು ಉದ್ದೇಶ. ‘ವಿಕಲಚೇತನ’ ಎಂದೇ ಕರೆದು ಹಂಗಿಸಿದರೂ ತಪ್ಪು ತಪ್ಪೇ.

ಪದಗಳ ಅರ್ಥ?

ಸಂಸ್ಕೃತದ ‘ವಿಕಲ’ ಎಂದರೆ ಒಂದು ಭಾಗ ಇಲ್ಲದ, ಊನವಾದ ಎಂದರ್ಥ. ‘ಅಂಗವಿಕಲ’ ಎಂದರೆ ಅಂಗದಲ್ಲಿ ಊನ ಇರುವವರು. ‘ಚೇತನ’ ಎಂದರೆ ಪ್ರಜ್ಞೆ, ಜೀವಶಕ್ತಿ. ಹಾಗಾದರೆ ‘ವಿಕಲಚೇತನ’ವನ್ನು ಬಿಡಿಸಿ ಓದಿ: ಚೇತನವೇ ಊನವಾದವರು! ಮರ್ಯಾದೆಗೆಂದು ಬಂದ ಪದದ ಅಕ್ಷರಾರ್ಥ ಹಳೆಯದಕ್ಕಿಂತ ಕಠಿಣವಾಗಿದೆ. ಆದರೂ ಬಳಕೆಯಲ್ಲಿ ಅದು ಗೌರವದ ಪದವಾಗಿದೆ, ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲೂ ಇದೆ. ಪದದ ಅರ್ಥವನ್ನು ಮೂಲವೊಂದೇ ಅಲ್ಲ, ಬಳಕೆಯೂ ನಿರ್ಧರಿಸುತ್ತದೆ.

2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ‘ಮನ್ ಕಿ ಬಾತ್’ನಲ್ಲಿ ‘ದಿವ್ಯಾಂಗ’ ಪದವನ್ನು ಸೂಚಿಸಿದರು. ಹೊಗಳಿಕೆಯ ಹೆಸರಿನಿಂದ ಬದುಕು ಬದಲಾಗದು, ಹಕ್ಕು ಮತ್ತು ಸೌಲಭ್ಯ ಬೇಕು ಎಂದು ಅಂಗವಿಕಲರ ಹಲವು ಸಂಘಟನೆಗಳು ಆಕ್ಷೇಪಿಸಿದವು.

‘ಅಸಮರ್ಥ’ ಎನ್ನಬಹುದೇ?

ಇಲ್ಲ. ಅಂಗದ ಊನ ಬೇರೆ, ಅಸಾಮರ್ಥ್ಯ ಬೇರೆ. ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಕೃತಿ ರಚಿಸಿದರು, ನೂರಾರು ಮಕ್ಕಳಿಗೆ ಸಂಗೀತ ಕಲಿಸಿದರು. 2010ರಲ್ಲಿ ಪದ್ಮಭೂಷಣ ಬಂತು.

ಹಾಗೆಂದು ಎಲ್ಲರೂ ಪುಟ್ಟರಾಜರಂತೆ ಸಾಧಿಸಿಯೇ ಗೌರವ ಪಡೆಯಬೇಕಿಲ್ಲ. ಅವರಿಗೆ ಆಶ್ರಮ, ಗುರು, ಕಲಿಯುವ ದಾರಿ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಗಾಲಿಕುರ್ಚಿಯಲ್ಲಿ ಬಂದವರು ಮೆಟ್ಟಿಲಿನ ಮುಂದೆ ನಿಂತುಬಿಟ್ಟರೆ, ಕೊರತೆ ಅವರದ್ದಲ್ಲ, ಇಳಿಜಾರು ದಾರಿ ಇಲ್ಲದ ಕಟ್ಟಡದ್ದು.

‘ಕಿವುಡ-ಮೂಕ’ ಸರಿಯೇ?

ಇದೂ ತಪ್ಪು ಕಲ್ಪನೆಯಿಂದ ಬಂದದ್ದು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳ ಧ್ವನಿಪೆಟ್ಟಿಗೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮಾತು ಕಿವಿಗೆ ಬೀಳದ ಕಾರಣ ಮಾತನಾಡಲು ಕಲಿಯುವುದು ಕಷ್ಟವಾಗುತ್ತದೆ. ಬೇಗ ಪರೀಕ್ಷೆ ಮಾಡಿಸಿದರೆ ಶ್ರವಣ ಸಾಧನ, ತರಬೇತಿ, ಸಂಜ್ಞಾ ಭಾಷೆ ನೆರವಾಗುತ್ತವೆ. ‘ಮೂಕ’ ಎಂದು ಸುಮ್ಮನಾದರೆ ಆ ಮಗುವಿನ ಕಲಿಕೆಯ ವರ್ಷಗಳೇ ಹೋಗುತ್ತವೆ.

ಹಾಗಾದರೆ ಏನೆನ್ನಬೇಕು?

ಮೊದಲು ಹೆಸರು ಹಿಡಿದು ಕರೆಯಿರಿ. ಅಗತ್ಯವಿದ್ದರೆ ಮಾತ್ರ ‘ಕಣ್ಣು ಕಾಣದವರು’, ‘ಗಾಲಿಕುರ್ಚಿ ಬಳಸುವವರು’ ಎಂದು ನೇರವಾಗಿ ಹೇಳಿ. ಅವರಿಗೆ ಯಾವ ಪದ ಇಷ್ಟ ಎಂದು ಅವರನ್ನೇ ಕೇಳಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ: 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ, 1995ರ ಕಾಯ್ದೆಯಲ್ಲಿ ಇದ್ದದ್ದು 7. ಹಿಂದೆ ಸೌಲಭ್ಯ ಸಿಗದವರು ಈಗ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.