ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸೊಪ್ಪು ಬಿಡಬೇಕೇ?

‘ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸೊಪ್ಪು ಮುಟ್ಟಲೇಬಾರದು’ ಎಂಬ ಸಂದೇಶವನ್ನು ನಾವೆಲ್ಲ ವಾಟ್ಸಾಪ್‌ನಲ್ಲಿ ನೋಡಿರುತ್ತೇವೆ. ಇದು ಅರ್ಧಸತ್ಯ.

ಆಸ್ಪಿರಿನ್‌ಗೆ ಸೊಪ್ಪಿನಿಂದ ಈ ತೊಂದರೆಯಿಲ್ಲ. ವಾರ್ಫರಿನ್, ಅಸೆನೋಕೌಮರಾಲ್ ಮಾತ್ರೆಗಳ ವಿಷಯ ಬೇರೆ. ಇವು ವಿಟಮಿನ್ ಕೆ ಕೆಲಸಕ್ಕೆ ಅಡ್ಡಿಪಡಿಸಿ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುತ್ತವೆ. ಪಾಲಕ್, ದಂಟಿನ ಸೊಪ್ಪಿನಲ್ಲಿ ಈ ವಿಟಮಿನ್ ಹೇರಳ. ದಿಢೀರನೆ ಹೆಚ್ಚು ತಿಂದರೆ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ದಿಢೀರನೆ ಬಿಟ್ಟರೆ ಪರಿಣಾಮ ಹೆಚ್ಚಿ ರಕ್ತಸ್ರಾವವಾಗಬಹುದು. ಐಎನ್‌ಆರ್ ಪರೀಕ್ಷೆ ನೋಡಿ ವೈದ್ಯರು ಡೋಸ್ ಗೊತ್ತುಮಾಡುವುದು ನಿಮ್ಮ ಮಾಮೂಲಿ ಊಟಕ್ಕೆ ತಕ್ಕಂತೆ. ಆದ್ದರಿಂದ ಸೊಪ್ಪು ತಿನ್ನಿ, ಪ್ರಮಾಣ ಮಾತ್ರ ಹೆಚ್ಚುಕಡಿಮೆ ಒಂದೇ ಇರಲಿ.

ಬೀಡಿ, ಸಿಗರೇಟಿನದೂ ಇದೇ ಕಥೆ. ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸುತ್ತವೆ. ಆಗ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಾಪಿನ್ ರಕ್ತದಲ್ಲಿ ಬೇಗ ಕಡಿಮೆಯಾಗುತ್ತವೆ. ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಅದೇ ಡೋಸ್ ಅತಿಯಾಗಬಹುದು. ಬಿಡುವುದು ಒಳ್ಳೆಯದೇ, ಆದರೆ ವೈದ್ಯರಿಗೆ ತಿಳಿಸಿ, ಡೋಸ್ ತಗ್ಗಿಸಬೇಕಾಗಬಹುದು. ಡೋಸನ್ನು ನೀವಾಗಿಯೇ ಬದಲಿಸಬೇಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಊಟ, ಚಟ ಯಾವುದೇ ಬದಲಾದರೂ ವೈದ್ಯರಿಗೆ ಹೇಳಿ.