ಗಾಲಿಯ ಹೊಳಪು ಹೆಚ್ಚೋ, ಗಾಲಿಯ ನೇರ ಹೆಚ್ಚೋ?

ಮಕ್ಕಳೇ, ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾವ ಶಾಲೆಗೆ ಹೋದರೂ ಗೋಡೆಗೆ ಒರಗಿಸಿದ ಸೈಕಲ್‌ಗಳಿರುತ್ತವೆ. ಕೆಲವದರ ರಿಮ್ ಉಕ್ಕಿನದು, ಕೆಲವದರದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ರಿಮ್ ಹಳೆಯದಾದಂತೆ ಮಬ್ಬಾಗುತ್ತದೆ. ಅದನ್ನು ಉಜ್ಜಿ ಕನ್ನಡಿಯಂತೆ ಮಾಡಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ ಆ ಮಬ್ಬನ್ನು ಹಾಗೇ ಬಿಡಿ, ಆ ಸಮಯವನ್ನು ಕಡ್ಡಿಗಳಿಗೆ ಕೊಡಿ.

ಆ ಮಬ್ಬು ಏನು? ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಆಕ್ಸಿಜನ್ ಜೊತೆ ಸೇರಿ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡ್‌ನ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಎಷ್ಟು ತೆಳು ಎಂದರೆ ನಿಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೂ ಬಲು ಗಟ್ಟಿ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಂನ ಪದರ ಅಂಟಿಕೊಂಡೇ ಇದ್ದು ಒಳಗಿನದನ್ನು ಕಾಯುತ್ತದೆ. ಅನೇಕ ರಿಮ್‌ಗಳಿಗೆ ಕಾರ್ಖಾನೆಯಲ್ಲಿ ವಿದ್ಯುತ್ ಹರಿಸಿ ಈ ಪದರವನ್ನು ಇನ್ನೂ ದಪ್ಪ ಮಾಡಿರುತ್ತಾರೆ. ಇದಕ್ಕೆ ಆನೊಡೈಸಿಂಗ್ ಎಂದು ಹೆಸರು. ತೆಳು ಪದರ ಉಜ್ಜಿದರೂ ಕ್ಷಣದಲ್ಲಿ ಮತ್ತೆ ಬರುತ್ತದೆ. ಕಾರ್ಖಾನೆಯ ದಪ್ಪ ಪದರ ಹೋದರೆ ತಾನಾಗಿ ಮರಳಿ ಬರುವುದಿಲ್ಲ.

ಈ ದಪ್ಪ ಪದರ ಕೈಯಿಂದ ಉಜ್ಜಿದರೆ ಸುಲಭವಾಗಿ ಹೋಗದು. ಆಗ ಕೆಲವರು ಕಾಸ್ಟಿಕ್ ಸೋಡಾ ಹಚ್ಚುತ್ತಾರೆ. ಇಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ: ನೀವು ಅದನ್ನು ಮುಟ್ಟಲೇಬಾರದು. ಕಾಸ್ಟಿಕ್ ಸೋಡಾ ಮೊದಲು ಆಕ್ಸೈಡನ್ನು ಕರಗಿಸುತ್ತದೆ, ಆಮೇಲೆ ಲೋಹವನ್ನೇ ತಿನ್ನತೊಡಗುತ್ತದೆ. ದ್ರಾವಣ ಕಾಯುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಚರ್ಮಕ್ಕೆ ಸಿಡಿದರೆ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ, ಅಂದರೆ ಇದೇ ಆಕ್ಸೈಡನ್ನು ಬೇರ್ಪಡಿಸಲು ಬಳಸುವುದೂ ಕಾಸ್ಟಿಕ್ ಸೋಡಾವನ್ನೇ. ಅಲ್ಲಿ ಮುಚ್ಚಿದ ಪಾತ್ರೆಗಳಲ್ಲಿ, ತರಬೇತಾದವರು ಮಾಡುವ ಕೆಲಸ ಅದು. ಅಂಗಳದಲ್ಲಿ ಬಕೆಟ್ ಇಟ್ಟುಕೊಂಡು ಮಾಡುವುದಲ್ಲ. ಮನೆಯ ಜರ್ಮನ್ ಪಾತ್ರೆಯನ್ನು ಸೋಡಾ ಹಾಕಿ ತೊಳೆದರೆ ಕಪ್ಪಾಗುವುದನ್ನು ನಿಮ್ಮ ಅವ್ವ ನೋಡಿರಬಹುದು, ಕೇಳಿ ನೋಡಿ.

ಉಜ್ಜುವುದರಲ್ಲಿ ಇನ್ನೊಂದು ನಷ್ಟವಿದೆ. ಬ್ರೇಕ್ ರಬ್ಬರ್ ಹಿಡಿಯುವುದು ರಿಮ್‌ನ ಪಕ್ಕವನ್ನೇ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿ, ಅದರೊಳಗಿನ ಹರಳು ರಬ್ಬರ್‌ಗೆ ಸಿಕ್ಕಿ ರಿಮ್ಮನ್ನು ಮೊದಲೇ ಸವೆಸುತ್ತಿರುತ್ತದೆ. ಅದರ ಮೇಲೆ ನಾವೂ ಸವೆಸುವುದೇಕೆ? ತೆಳುವಾದ ರಿಮ್ ಒಂದು ದಿನ ಸೀಳಬಹುದು. ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಿ ಅದು ಆದರೆ ಏನಾಗುತ್ತದೆಂದು ಯೋಚಿಸಿ. ಸಾಬೂನು ನೀರು ಮತ್ತು ಹಳೆ ಬಟ್ಟೆ ಸಾಕು.

ನಿಮ್ಮ ರಿಮ್ ಯಾವ ಲೋಹದ್ದೆಂದು ತಿಳಿಯದಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು, 2020ರಲ್ಲಿ ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅಕ್ಕ ಅಣ್ಣಂದಿರ ಅಂಥ ಸೈಕಲ್ ನಿಮ್ಮ ಹಿತ್ತಲಿನಲ್ಲಿ ಬಿದ್ದಿದ್ದರೆ, ಅದರ ಉಕ್ಕಿನ ಭಾಗಗಳ ತುಕ್ಕನ್ನು ಮಾತ್ರ ತೆಗೆದು ಒಣಗಿಸಿ ಎಣ್ಣೆ ಸವರಿ. ರಿಮ್‌ನ ಪಕ್ಕಕ್ಕೆ ಎಣ್ಣೆ ಬೇಡ, ಬ್ರೇಕ್ ಹಿಡಿಯದು.

ಈಗ ಕಡ್ಡಿಗೆ ಬರೋಣ. ಚಕ್ಕಡಿಯ ಗಾಲಿಯಲ್ಲಿ ಮರದ ಅರಗಳು ಕಂಬದಂತೆ ನಿಂತು ಭಾರ ಹೊರುತ್ತವೆ. ಸೈಕಲ್ಲಿನ ತೆಳು ತಂತಿ ಹಾಗೆ ನಿಲ್ಲಲಾರದು, ಒತ್ತಿದರೆ ಬಾಗುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿರುತ್ತಾರೆ. ನೀವು ಕುಳಿತಾಗ ಕೆಳಗಿನ ಕಡ್ಡಿಗಳ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದನ್ನೊಂದು ದಾಟುವಂತೆ ಜೋಡಿಸುವ ಗಾಲಿಗೆ ಪೇಟೆಂಟ್ ಪಡೆದರು. ಇಂದಿಗೂ ನಮ್ಮ ಗಾಲಿ ಅದೇ ರೀತಿಯದು.

ಗಾಲಿ ಓಲಾಡಿದರೆ ಬೆಂಡ್ ತೆಗೆಯಬೇಕು. ರಿಮ್ ಬಲಕ್ಕೆ ಸರಿದಿದ್ದರೆ ಆ ಜಾಗದಲ್ಲಿ ಹಬ್‌ನ ಬಲಭಾಗದಿಂದ ಬಂದ ಕಡ್ಡಿಯ ನಿಪ್ಪಲ್ ಸಡಿಲಿಸಿ, ಎಡಭಾಗದ್ದನ್ನು ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಅವಸರ ಮಾಡಿದರೆ ಗಾಲಿ ಹಾವಿನಂತಾಗುತ್ತದೆ! ಮೊದಲ ಸಲ ಸೈಕಲ್ ಅಂಗಡಿಯ ಕಾಕಾ ಪಕ್ಕದಲ್ಲಿರಲಿ.

ಇದು ಮೆಕ್ಯಾನಿಕ್ ಕೆಲಸ, ವಿಜ್ಞಾನವಲ್ಲ ಎಂದು ಕೆಲವು ಗುರುಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಲ, ಎಳೆತ, ಲೋಹ, ತುಕ್ಕು ಎಲ್ಲವೂ ಇದರಲ್ಲಿವೆ. ಪ್ರತಿ ಶಾಲೆಯ ವಿಜ್ಞಾನ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಳೆ ಗಾಲಿ ಮತ್ತು ನಿಪ್ಪಲ್ ಕೀ ಇರಬೇಕು. ಗುಜರಿಯಲ್ಲಿ ಸಿಗುವ ಸಾಮಾನು, ದೊಡ್ಡ ಖರ್ಚೇನಿಲ್ಲ.

ಅಲ್ಲಿಯವರೆಗೆ ನಿಮ್ಮ ಸೈಕಲ್ಲಿನಲ್ಲೇ ನೋಡಿ. ಇಬ್ಬರು ಹ್ಯಾಂಡಲ್ ಮತ್ತು ಸೀಟು ಹಿಡಿದುಕೊಳ್ಳಲಿ. ಹಿಂದಿನ ಗಾಲಿಯ ಕೆಳಗಿನ ಒಂದು ಕಡ್ಡಿಯನ್ನು ಏಕತಾರಿಯ ತಂತಿಯಂತೆ ಮೀಟಿ. ಈಗ ಒಬ್ಬರನ್ನು ಕೂರಿಸಿ, ಅದೇ ಕಡ್ಡಿಯನ್ನು ಮತ್ತೆ ಮೀಟಿ. ದನಿ ಏರಿತೋ, ಇಳಿಯಿತೋ? ಮೇಲಿನ ಕಡ್ಡಿಯಲ್ಲೂ ಹಾಗೇ ಆಯಿತೇ? ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ.