ಬಣ್ಣ ಬಳಿದ ಯಂತ್ರಮಾನವ ಯಾರ ಮಗುವಿಗೆ?

ಹಳೆಯ ಪ್ಲಾಸ್ಟಿಕ್ ಯಂತ್ರಮಾನವನಿಗೆ ಹೊಸ ಬಣ್ಣ ಬಳಿಯುವುದು ನಗರವಾಸಿಗಳಿಗೆ ಒಂದು ಹವ್ಯಾಸ. ಹಲವು ವರ್ಷ ಅಟ್ಟದ ಮೇಲೆ ಬಿದ್ದಿದ್ದ, ಸೆಲ್ಲು ಸೋರಿ ತುಕ್ಕು ಹಿಡಿದ ಗೊಂಬೆಯನ್ನು ಬಿಚ್ಚಿ ತೊಳೆಯುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಹಳದಿಗಟ್ಟಿದ್ದನ್ನು ಬಿಳುಪು ಮಾಡುತ್ತಾರೆ. ಉಳಿದದ್ದನ್ನು ಉಜ್ಜುಕಾಗದದಿಂದ ತಿಕ್ಕಿ ಸ್ಪ್ರೇ ಬಣ್ಣ ಹೊಡೆಯುತ್ತಾರೆ. ಈ ಕೆಲಸದಲ್ಲಿ ತಾಳ್ಮೆಯಿದೆ, ಕೈಚಳಕವಿದೆ. ಗಾಜಿನ ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡುವವರೊಡನೆ ಯಾರಿಗೂ ಜಗಳವಿಲ್ಲ. ಜಗಳವಿರುವುದು ಅದೇ ಗೊಂಬೆಗೆ ‘ಮರುಬಳಕೆ’ ಎಂಬ ಹಸಿರು ಚೀಟಿ ಅಂಟಿಸಿ ಹಳ್ಳಿಯ ಅಂಗನವಾಡಿಗೆ ದಾಟಿಸುವ ಬುದ್ಧಿಯೊಡನೆ.

ಹಳೆಯ ಆಟಿಕೆಯ ದಾನ ಇಂದು ಸರಕಾರಗಳೇ ಮೆಚ್ಚಿದ ಪುಣ್ಯಕಾರ್ಯ. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಅಂದಿನ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಅವರು ಭೋಪಾಲದ ಬೀದಿಯಲ್ಲಿ ಸ್ವತಃ ಕೈಗಾಡಿ ತಳ್ಳುತ್ತ ಅಂಗನವಾಡಿಗಳಿಗಾಗಿ ಆಟಿಕೆ ಸಂಗ್ರಹಿಸಿದರು. ಅದೇ ವರ್ಷ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಒಣಕಸದಿಂದ ಆಟಿಕೆ ತಯಾರಿಸುವ ‘ಸ್ವಚ್ಛ ಟಾಯ್‌ಕಥಾನ್’ ಸ್ಪರ್ಧೆಯನ್ನು ನಡೆಸಿತು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಗುಡೂರಿನಂಥ ಊರಿಗೆ ಇಂಥ ಪೆಟ್ಟಿಗೆ ಬಂದರೆ, ಗೊಂಬೆಯ ಮೈಯಲ್ಲಿ ಏನಿದೆ ಎಂದು ಕೇಳುವ ಹಕ್ಕು ತಾಯಂದಿರಿಗೆ ಉಂಟೋ ಇಲ್ಲವೋ?

ಏನಿದೆ ಎಂಬುದು ಗುಟ್ಟೇನೂ ಅಲ್ಲ. ಹಿಂದೆ ಪ್ಲಾಸ್ಟಿಕ್ಕಿಗೆ ಕಡು ಹಳದಿ, ಕಡು ಕೆಂಪು ಬಣ್ಣ ಬರಲು ಸೀಸದ ಕ್ರೋಮೇಟ್ ಮತ್ತು ಕ್ಯಾಡ್ಮಿಯಂ ಸಂಯುಕ್ತಗಳನ್ನು ಬೆರೆಸುವುದು ವಾಡಿಕೆಯಾಗಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಕಥೆಯೇ ಬೇರೆ. ಬೆಂಕಿ ಹತ್ತದಿರಲೆಂದು ಟಿವಿ, ಕಂಪ್ಯೂಟರುಗಳ ಕವಚಕ್ಕೆ ಸೇರಿಸಿದ ಬ್ರೋಮಿನ್ ರಾಸಾಯನಿಕಗಳು ಗುಜರಿಯಲ್ಲಿ ಕರಗಿ ಗೊಂಬೆಯ ರೂಪದಲ್ಲಿ ಮರಳಿ ಬರುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ ಅವರು ಮನೆ, ಶಿಶುವಿಹಾರ, ಧರ್ಮಾರ್ಥ ಅಂಗಡಿಗಳಲ್ಲಿದ್ದ ಸುಮಾರು 200 ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಸ, ಕ್ಯಾಡ್ಮಿಯಂ, ಬ್ರೋಮಿನ್ ಹಲವು ಆಟಿಕೆಗಳಲ್ಲಿ ಸಿಕ್ಕವು. ಹೆಚ್ಚಾಗಿ ಹಳದಿ, ಕೆಂಪು ಮತ್ತು ಕಪ್ಪು ಬಣ್ಣದವುಗಳಲ್ಲಿ. ಅವು ದಾನಕ್ಕೆ ಯೋಗ್ಯವೆಂದು ಎಲ್ಲರೂ ನಂಬಿದ್ದ ಆಟಿಕೆಗಳೇ.

ಮೇಲೆ ಬಣ್ಣ ಬಳಿದೊಡನೆ ಒಳಗಿನ ವಿಷ ಮಾಯವಾಗುವುದಿಲ್ಲ. ಉಜ್ಜುವಾಗ ಏಳುವ ಪುಡಿ ಮೊದಲು ಉಜ್ಜುವವನ ಮೂಗಿಗೇ ಹೋಗುತ್ತದೆ. ಅನಂತರ ಬಳಿದ ಹೊಸ ಬಣ್ಣವಾದರೂ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಗಟ್ಟಿಯಾಗಿ ನಿಲ್ಲದೆ, ಕೈಕಾಲಿನ ಕೀಲು ತಿಕ್ಕುವ ಕಡೆ ಸಿಪ್ಪೆಯಾಗಿ ಏಳುತ್ತದೆ. ಮೇಲೆ ಬಳಿದ ಬಣ್ಣಕ್ಕೂ ನೂಲಿಗೆ ಹಿಡಿದ ಬಣ್ಣಕ್ಕೂ ಇರುವ ಅಂತರವನ್ನು ಇಳಕಲ್ ಸೀರೆಯ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಕಪಾಟಿನ ಮುಂದೆ ನಿಂತ ಹವ್ಯಾಸಿ ಗೊಂಬೆಯನ್ನು ನೋಡುತ್ತಾನೆ; ಎಳೆಯ ಮಗು ಅದನ್ನು ಕಚ್ಚುತ್ತದೆ. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂದಿತು, 2017ರ ನವೆಂಬರಿನಿಂದ ಜಾರಿಯಾಯಿತು. ಅಂಗಡಿಯ ಹೊಸ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಕೊಳ್ಳುವವರ ಮಗುವಿಗೆ ಇಷ್ಟು ಕಾವಲಿರುವಾಗ ದಾನ ಪಡೆಯುವವರ ಮಗುವಿಗೆ ಇರುವ ಕಾವಲು ಯಾವುದು?

ಹಾಗಾದರೆ ಬಿಸಾಡಬೇಕೇ, ಹಳ್ಳದ ದಂಡೆಯಲ್ಲಿ ಸುಡಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಸುಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಆದರೆ ರಿಪೇರಿಯ ಪರವಾಗಿ ನಿಲ್ಲುವುದೆಂದರೆ ರಿಪೇರಿಯಾದದ್ದನ್ನೆಲ್ಲ ಬಡವರ ಮಕ್ಕಳ ಕೈಗಿಡುವುದು ಎಂದರ್ಥವಲ್ಲ. ಸರಿಪಡಿಸಿದವರು ತಮ್ಮಲ್ಲೇ ಇಟ್ಟುಕೊಳ್ಳಲಿ. ಇಲ್ಲವೇ ಬಣ್ಣ ಬಳಿಯದೆ, ಉಜ್ಜದೆ, ಅದರೊಳಗಿನ ಮೋಟಾರು ಮತ್ತು ಹಲ್ಲುಚಕ್ರಗಳನ್ನು ಪ್ರೌಢಶಾಲೆಯ ವಿಜ್ಞಾನದ ಮೇಜಿಗೆ ಕೊಡಲಿ. ಮೋಟಾರು ತಿರುಗುವ ಬಗೆಯನ್ನು ವಿದ್ಯಾರ್ಥಿಗಳು ಬಿಚ್ಚಿ ನೋಡಲಿ. ತಿರುಪಿನ ಬದಲು ಅಂಟಿನಿಂದ ಮುಚ್ಚಿ, ಕೆಟ್ಟರೆ ತೆರೆಯಲೂ ಬಾರದ ಗೊಂಬೆಗಳನ್ನು ಮಾರುವ ಕಂಪನಿಗಳನ್ನು ಮಾತ್ರ ಈ ದಾನಿಗಳು ಪ್ರಶ್ನಿಸುವುದು ಅಪರೂಪ.

ಇದೆಲ್ಲದರ ಹಿಂದೆ ಹಳ್ಳಿಯ ಮಕ್ಕಳಿಗೆ ಆಟಿಕೆಯೇ ಇಲ್ಲವೆಂಬ ಕನಿಕರವೊಂದು ಕೆಲಸ ಮಾಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಈ ಕನಿಕರ ಕರಗೀತು. ಅಂದು ಹೊಲದ ಮಣ್ಣಿನಿಂದಲೇ ಎತ್ತು ಮೂಡುತ್ತದೆ. ಕೋಡು ಮುರಿದರೆ ಇನ್ನೊಂದು ಚಿಟಿಕೆ ಮಣ್ಣು ಸಾಕು. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆಯ ಹೊಟ್ಟಿನಿಂದ ಗೊಂಬೆಯ ಅಂಗಾಂಗ ಸೇರಿಸುತ್ತವೆ. ಮುರಿದ ತೋಳಿಗೂ ಅದೇ ಅಂಟು. ಅವರಾದರೂ ಪೇಟೆಯ ಎನಾಮೆಲ್ ಬಳಿದಿದ್ದರೆ ಅವರನ್ನೂ ಇದೇ ಮಾತು ಕೇಳಬೇಕಾಗುತ್ತದೆ. ಊರಿನ ಕಲೆಯೆಂದು ಬಿಟ್ಟುಬಿಡುವಂತಿಲ್ಲ.

ಅಂಗನವಾಡಿಯ ಬಾಗಿಲಿಗೆ ಹಳೆಯ ಆಟಿಕೆಯ ಪೆಟ್ಟಿಗೆ ಬಂದ ದಿನ ತಂದವರನ್ನು ಕೂರಿಸಿ, ನೀರು ಕೊಟ್ಟು, ಇಷ್ಟು ಕೇಳಿದರೆ ಸಾಕು: ಇದು ಯಾವ ಕಾಲದ್ದು, ಇದಕ್ಕೆ ಯಾವ ಬಣ್ಣ ಬಳಿದಿರಿ, ನಿಮ್ಮ ಮನೆಯ ಕೂಸು ಇದನ್ನು ಬಾಯಿಗಿಟ್ಟುಕೊಂಡರೆ ಸುಮ್ಮನಿರುತ್ತೀರಾ?